ಹೊಸ್ತಿಲಲ್ಲಿ ಒಂದು ಹಿಡಿ ಮಣ್ಣು

“ಕಾಗದಪತ್ರ ಹೆಂಗಾದ್ರೂ ಮಾಡಿಸ್ಕೊಳ್ಳಿ. ನಿಮ್ಮ ಕಡೆ ವಕೀಲ ಮಾತ್ರ ಥರ್ಟಲ್ಲೇ ಆಗಿರ್ಲಿ ಕಣಪ್ಪಾ,” ಎಂದು ವಿನಿಫ್ರೆಡ್ ಗ್ಯಾರಡ್ ಮತ್ತೊಮ್ಮೆ ಹೇಳಿದಳು.

ಜೂಲಿಯನ್ ಹ್ಯಾರಪ್ ಚಹಾದ ಬಟ್ಟಲಿನ ಹಿಂದೆ ನಗು ಅಡಗಿಸಿಕೊಂಡ. ಲಂಡನ್ನಿನ ಬಾಡಿಗೆ ಮನೆಗಳಲ್ಲಿ ಅರ್ಧ ಆಯುಷ್ಯ ಕಳೆದು, ನಾರ್ಫೋಕಿನ ಜೌಗುಬಯಲಿನ ಅಂಚಿನಲ್ಲಿರುವ ಮೆಲ್‌ಫ್ಲೀಟ್ ಎಂಬ ಈ ಊರಿನಲ್ಲಿ ಮನೆ ಕೊಳ್ಳಲು ಬಂದಿದ್ದವನು ಅವನು. ಮನೆ ಮಾರುತ್ತಿದ್ದವಳು ವಿನಿಫ್ರೆಡ್. ಮೊಣಕಾಲು ಕೈಕೊಟ್ಟ ಮೇಲೆ ಪಕ್ಕದ ಪಟ್ಟಣದ ಆರೈಕೆ ಮನೆಯಲ್ಲಿ ಜಾಗ ಗೊತ್ತುಮಾಡಿಕೊಂಡಿದ್ದಳು. ಅಲ್ಲಿ ಇಸ್ಪೀಟು ಆಡಲು ಗೆಳತಿಯರಿದ್ದಾರೆ ಎಂದು ಅವಳಿಗೆ ಖುಷಿಯೇ ಇತ್ತು.

“ನಿಮ್ಮ ಥರ್ಟಲ್‌ನ ನೋಡ್ಕೊಂಡೇ ಬಂದೆ ಮಿಸೆಸ್ ಗ್ಯಾರಡ್,” ಎಂದ ಜೂಲಿಯನ್. “ಮೀನಂಗಡಿ ಮೇಲಿನ ಆಫೀಸು. ಫೈಲುಗಳ ಮೇಲೆ ನಾಯಿ ಮಲಗಿತ್ತು. ಕೆಲಸ ಯಾವಾಗ ಮುಗಿಯತ್ತೆ ಅಂದ್ರೆ, ‘ಆದಾಗ ಆಗತ್ತೆ’ ಅಂದ್ರು. ನಾನು ಮೆಟ್ಟಿಲಿಳಿದು ಕಾರು ಹತ್ತೋದ್ರೊಳಗೆ ಆನ್‌ಲೈನಲ್ಲಿ ಬೇರೆ ವಕೀಲರನ್ನ ಹಿಡಿದಾಯ್ತು.”

ಮುದುಕಿ ನಗಲಿಲ್ಲ.

“ಆ ವಕೀಲರು ಇಲ್ಲಿಗೆ ಬರ್ತಾರಾ?”

“ಯಾಕೆ ಬರ್ಬೇಕು?”

“ಮಣ್ಣು ಕೊಡಿಸೋಕೆ.” ಅವಳು ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. “ಆ ಹೊಸ್ತಿಲ ಕೆಳಗೆ ಒಂದು ಬಾಟಲಿ ಹೂತಿದೆ. ಹೆಪ್ಸಿಬಾ ಅಂತ ಒಬ್ಬ ವಿಧವೆ, ನಮ್ಮ ಮುತ್ತಜ್ಜಿಯರಿಗಿಂತ ಹಿಂದಿನೋಳು. ಮೈದುನ ಕಾಗದ ಬರೆಸ್ಕೊಂಡು ಅವಳನ್ನ ಬೀದಿಗೆ ದಬ್ಬಿದ. ಹೋಗೋ ಮುಂಚೆ ಬಗ್ಗಿಸಿದ ಗುಂಡುಸೂಜಿ, ತನ್ನ ಕೂದಲು, ಉಗುರು ಬಾಟಲಿಗೆ ತುಂಬಿ ಮಾಟ ಮಾಡಿದ್ಲು. ಕೈಯಾರೆ ಕೊಡದ ಮನೆ ಯಾರಿಗೂ ದಕ್ಕಬಾರ್ದು, ಕೊಡಬೇಕಾದೋರು ಈ ಹೊಸ್ತಿಲು ಬಿಡಬಾರ್ದು ಅಂತ. ಅವತ್ತಿಂದ ಈ ಮನೆ ಮಾರೋರು ಅಂಗಳದ ಒಂದು ಹಿಡಿ ಮಣ್ಣು, ಬೇಲಿಯ ಒಂದು ಕಡ್ಡಿ ತಗೊಂಡು ಹೊಸ್ತಿಲಲ್ಲಿ ನಿಲ್ತಾರೆ. ಕೊಂಡೋರು ಕೈ ಒಡ್ಡಿ ತಗೋತಾರೆ. ಕೊಂಡೋರನ್ನ ಕರ್ಕೊಂಡು ಬಂದು ನಿಲ್ಲಿಸೋದು ಥರ್ಟಲ್ ಮನೆತನದ ಕೆಲಸ.”

“ಮಣ್ಣನ್ನೂ ಇಮೇಲಲ್ಲೇ ಕಳಿಸ್ಬಿಡಿ,” ಎಂದ ಜೂಲಿಯನ್.

“ನಗಾಡ್ಬೇಡ. ನೀನು ತಗೊಳ್ದೇ ಹೋದ್ರೆ ನಂಗೆ ಬಿಡುಗಡೆ ಇಲ್ಲ. ಬರ್ತೀನಿ ಅಂತ ಮಾತು ಕೊಡು.”

ಕೊಟ್ಟ. ಮಾತಿಗೇನು, ಬಿಟ್ಟಿಯಾಗಿ ಸಿಗುವಂಥದ್ದು.

ಮನೆ ಕೈಗೆ ಬರುವ ದಿನ ಅಕ್ಟೋಬರಿನ ಮಂಜು ಜೌಗಿನಿಂದೆದ್ದು ರಸ್ತೆಯ ತನಕ ಬಂದಿತ್ತು. ಹಣ ಸೇರಿತು, ಮನೆ ನಿಮ್ಮದಾಯಿತು ಎಂದು ಮುಖ ಕಾಣದ ವಕೀಲರಿಂದ ಫೋನಿಗೆ ಸಂದೇಶ ಬಂತು. ಮನೆಯ ದಲ್ಲಾಳಿಯಿಂದ ಬೀಗದಕೈ ಇಸಿದುಕೊಂಡು ಜೂಲಿಯನ್ ಒಬ್ಬನೇ ಕಾರಿನಲ್ಲಿ ಬಂದ. ಹೆಂಡತಿ ಲೋರ್ನಾ ಸಾಮಾನಿನ ಲಾರಿಯ ಜೊತೆ ಹಿಂದೆ ಬರುವವಳಿದ್ದಳು. ಬೇಲಿಯ ತಿರುವಿನಲ್ಲಿ ಅವನಿಗೆ ವಿನಿಫ್ರೆಡ್ ಕಾಣಿಸಿದಳು. ಒಳ್ಳೆಯ ಕೋಟು, ಹ್ಯಾಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಎರಡೂ ಕೈ ಮುಂದೆ ಚಾಚಿದ್ದಳು. ಬೊಗಸೆಯಲ್ಲಿ ಕಪ್ಪು ಹಸಿಮಣ್ಣು, ಅದರಲ್ಲಿ ಚುಚ್ಚಿದ ಒಂದು ಮುಳ್ಳುಕಡ್ಡಿ. ಮೊಣಕಾಲು ನಡುಗುತ್ತಿದ್ದುದು ರಸ್ತೆಗೇ ಕಾಣುತ್ತಿತ್ತು.

ನಿಲ್ಲಿಸಿದ್ದರೆ ಒಂದು ಗಳಿಗೆಯ ಕೆಲಸ. ಆದರೆ ಆ ಕೆಸರಿಗೆ ಕೈಯೊಡ್ಡಿ ನಿಂತ ತನ್ನನ್ನು ಲಾರಿಯವರು ನೋಡಿ ನಕ್ಕರೆ? ಮುದುಕಿ ಅಳುತ್ತ ಕೂತರೆ? ಜೂಲಿಯನ್ ಕಾರು ನಿಧಾನ ಮಾಡಿದ. ಅವಳು ಕತ್ತೆತ್ತಿ ನೋಡಿದಳು. ಅವನು ಹಾಗೇ ಮುಂದೆ ಹೋಗಿಬಿಟ್ಟ. ಊರಿನ ಪಬ್ಬಿನಲ್ಲಿ ಕೂತು ಬಿಸಿ ಮಾಂಸದ ಪೈ ತಿಂದು, ಒಂದು ಲೋಟ ಬಿಯರು ಕುಡಿದು, ಅವಳ ಟ್ಯಾಕ್ಸಿ ಹಾದುಹೋಗುವುದನ್ನು ಕಿಟಕಿಯಿಂದ ನೋಡಿದ ಮೇಲೆಯೇ ಎದ್ದ.

“ಆ ಅಜ್ಜಿ ಪಾಪ, ಸಿಕ್ಕಿದ್ರಾ?” ಎಂದು ಲಾರಿಯಿಂದ ಸಾಮಾನು ಇಳಿಸುತ್ತ ಲೋರ್ನಾ ಕೇಳಿದಳು.

“ಇಲ್ಲ. ನಾನು ಬರೋ ಮುಂಚೇನೇ ಹೊರಟುಹೋಗಿದ್ರು.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ಆ ಮಾತು ಹೇಳುತ್ತ ಅವನು ತನ್ನ ಎರಡು ಕೈಗಳನ್ನೂ ಪ್ಯಾಂಟಿಗೆ ಒರೆಸಿಕೊಂಡ. ಕೈಗಳೇನೋ ಶುದ್ಧವಾಗಿಯೇ ಇದ್ದವು.

ಮೊದಲು ಬಂದದ್ದು ವಾಸನೆ. ಆಗತಾನೇ ಅಗೆದ ಗುಂಡಿಯ ವಾಸನೆ, ಅದರೊಳಗೆ ಬೆರೆತ ಮುದುಕಿಯ ಲ್ಯಾವೆಂಡರ್ ಸೋಪಿನ ವಾಸನೆ. ಲೋರ್ನಾಳ ಮೂಗಿಗೆ ಅದು ಬಡಿಯುತ್ತಲೇ ಇರಲಿಲ್ಲ. ಹೊಸ್ತಿಲಲ್ಲಿ ಮಾತ್ರ ದಿನವೂ ಒದ್ದೆ ಮಣ್ಣು ಬಿದ್ದಿರುತ್ತಿತ್ತು. “ನಿನ್ನ ಬೂಟು ಹೊರಗೆ ಬಿಡೋಕೆ ಏನು ರೋಗ?” ಎಂದು ಅವಳು ಬೈದು ಗುಡಿಸುತ್ತಿದ್ದಳು. ಬೈಸಿಕೊಂಡು ಅವನು ಬೂಟನ್ನು ಹೊರಗೆ ಒಯ್ದಿಡುತ್ತಿದ್ದ.

ನವೆಂಬರಿನಲ್ಲಿ ಅಲ್ಲಿ ಚಹಾದ ಹೊತ್ತಿಗೇ ಕತ್ತಲು. ಅಂಥ ಒಂದು ಸಂಜೆ, ಲೋರ್ನಾ ಶಾಲೆಯ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಬಾಗಿಲಾಚೆ ಸದ್ದಾಯಿತು. ತಟ್ಟಿದ ಸದ್ದಲ್ಲ. ಹಸಿಮಣ್ಣು ಕಲ್ಲಿನ ಮೇಲೆ ಉದುರುವ ಸದ್ದು. ತಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ತಪ್. ಜೂಲಿಯನ್ ಬಾಗಿಲು ತೆರೆದ. ಮಂಜಿನಲ್ಲಿ ಕೋಟು, ಹ್ಯಾಟು. ಚಾಚಿದ ಎರಡು ಕೈ. ಮುಖ ನೆರಳಿನೊಳಗಿತ್ತು.

“ತಗೊಳ್ಳಪ್ಪಾ. ಕೈ ಸೋಲ್ತಿದೆ.”

ಅವನು ಬಾಗಿಲು ಬಡಿದು ಚಿಲಕ ಹಾಕಿದ. ಬೆನ್ನು ಬಾಗಿಲಿಗೊತ್ತಿ ನಿಂತ. ಬೆನ್ನಿನ ಹಿಂದೆ ಮಣ್ಣು ಉದುರುತ್ತಲೇ ಇತ್ತು. ಆಮೇಲೆ ಲೋರ್ನಾ ಅದೇ ಹೊಸ್ತಿಲು ದಾಟಿ ಒಳಗೆ ಬಂದು, “ಏನು ಚಳಿ ಮಾರಾಯ!” ಎಂದಳಷ್ಟೇ.

ಮರುದಿನವೇ ಜೂಲಿಯನ್ ಮೀನಂಗಡಿಯ ಮೆಟ್ಟಿಲು ಹತ್ತಿದ. ಥರ್ಟಲ್ ಸ್ವೆಟರಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಕೂತಿದ್ದ. ನಾಯಿ ಕಣ್ಣು ತೆರೆದು ಜೂಲಿಯನ್ನನ ಕೈ ಮೂಸಿ, ಕುಂಯ್‌ಗುಟ್ಟಿ ಮೇಜಿನ ಕೆಳಗೆ ಸೇರಿತು.

“ನನ್ನ ಕಕ್ಷಿದಾರರು ನೀವಲ್ಲವಲ್ಲ,” ಎಂದ ಥರ್ಟಲ್ ತಣ್ಣಗೆ. “ಕರೀದೆ ಬಂದು ಹೊಸ್ತಿಲಲ್ಲಿ ನಿಲ್ಲೋಕೆ ನಂಗೇನು ಅಧಿಕಾರ? ವಿನಿ ಒಬ್ಳೇ ಟ್ಯಾಕ್ಸಿ ಬರೋ ತನಕ ನಿಂತಿದ್ಲಂತೆ. ನಿಮ್ಮ ಕಾರು ನಿಧಾನ ಆಗಿದ್ದನ್ನ ನೋಡಿದ್ಲಂತೆ.”

ಜೂಲಿಯನ್ನನ ಕಿವಿ ಬಿಸಿಯಾಯಿತು.

“ಅವ್ರು... ಬದುಕಿದ್ದಾರಾ?”

“ಮೈ ಆರೈಕೆ ಮನೇಲಿದೆ. ಅನ್ನ ನೀರು ಇಳೀತಿಲ್ಲ. ಉಳಿದದ್ದು ನಿಮ್ಮ ಬಾಗಿಲಲ್ಲಿದೆ. ಕೊಂಡವರ ಕಣ್ಣಿಗೆ ಮಾತ್ರ ಕಾಣೋದು ಅದು.” ಮುದುಕ ಕನ್ನಡಕ ತೆಗೆದ. “ಕಾಲ ಮಿಂಚಿಲ್ಲ. ಇವತ್ತೇ ಹೋಗಿ. ತಪ್ಪಾಯ್ತು ಅನ್ನಿ. ಕರ್ಕೊಂಡು ಬಂದು ಹೊಸ್ತಿಲಲ್ಲಿ ನಿಲ್ಲಿಸಿ ಕೈ ಒಡ್ಡಿ. ನಾನು ಬರ್ತೀನಿ, ಫೀಸು ಬೇಡ. ಒಂದು ಮಾತು ನೆನಪಿರ್ಲಿ. ಅವಳಾಗೇ ಕೊಡ್ಬೇಕು. ಕೈಯಾರೆ ಕೊಡದ ಮಣ್ಣು ಯಾರ ಮುಷ್ಟಿಲಿದೆಯೋ ಕಾಯೋ ಸರದಿ ಅವರದ್ದು.”

ಅವತ್ತೇ ಹೋಗಬಹುದಿತ್ತು. ಆದರೆ ಮುದುಕಿಯನ್ನು ಕರೆತಂದರೆ ಲೋರ್ನಾಳ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಸುಳ್ಳು ಬಯಲಾಗುತ್ತದೆ. ನಡುಗುವ ಮುದುಕಿಯೊಬ್ಬಳನ್ನು ಬಾಗಿಲಲ್ಲಿ ಬಿಟ್ಟು ಪಬ್ಬಿನಲ್ಲಿ ಪೈ ತಿಂದ ಗಂಡ ಎಂದು ಅವಳಿಗೆ ಗೊತ್ತಾಗುತ್ತದೆ. ನಾಳೆ ಎಂದುಕೊಂಡ. ನಾಳೆ ಬಾಯ್ಲರು ಕೆಟ್ಟಿತು. ನಾಡಿದ್ದು ನೆಗಡಿ. ಹಾಗೆ ನವೆಂಬರು ಮುಗಿಯಿತು. ಮುದುಕಿ ಮಾತ್ರ ದಿನ ತಪ್ಪಿಸಲಿಲ್ಲ. ಕತ್ತಲಾಗುತ್ತಲೂ ಬಾಗಿಲಾಚೆ ಮಣ್ಣು ಉದುರುತ್ತಿತ್ತು. ಜೂಲಿಯನ್ ರೇಡಿಯೋ ಜೋರು ಮಾಡಿಕೊಳ್ಳುತ್ತಿದ್ದ. ಎದೆಯೊಳಗೆ ಮಾತ್ರ ಒಂದೇ ಮಾತು ಕೊರೆಯುತ್ತಿತ್ತು: ನಿಲ್ಲಿಸಿದವನು ನಾನು, ಅವಳನ್ನು ಅಲ್ಲಿ ನಿಲ್ಲಿಸಿದವನು ನಾನು.

ಡಿಸೆಂಬರಿನ ಒಂದು ಮಧ್ಯಾಹ್ನ ಕೊನೆಗೂ ಧೈರ್ಯ ತಂದುಕೊಂಡು ಆರೈಕೆ ಮನೆಗೆ ಹೋದ. ಕಾರಿನಲ್ಲಿ ತಪ್ಪೊಪ್ಪಿಗೆಯ ಮಾತುಗಳನ್ನು ಬಾಯಿಪಾಠ ಮಾಡಿದ. ವಿನಿಫ್ರೆಡ್ ಹೆಸರು ಹೇಳಿದಾಗ ಅಲ್ಲಿನ ದಾದಿ ಅವನ ಮುಖ ನೋಡಿ, “ನೆಂಟರಾ? ಬೆಳಿಗ್ಗೆ ಹೋಗ್ಬಿಟ್ರು,” ಎಂದಳು. “ಅದೇನೋ ವಿಚಿತ್ರ ನೋಡಿ. ಎಷ್ಟು ತೊಳೆದ್ರೂ ಕೈಯಲ್ಲಿ ಮಣ್ಣು. ಮುಷ್ಟಿ ಬಿಡಿಸೋಕೂ ಆಗ್ತಿಲ್ಲ. ಅವರ ಕೋಣೇಲಿ ಕೂತಿರಿ, ಟೀ ತರ್ತೀನಿ.”

ಪರದೆ ಎಳೆದ ಕೋಣೆ. ಲ್ಯಾವೆಂಡರ್ ಸೋಪು. ಅದರಡಿಯಲ್ಲಿ ಜೌಗಿನ ವಾಸನೆ. ಬಿಳಿ ಹೊದಿಕೆಯ ಮೇಲೆ ಬಿಗಿದ ಮುಷ್ಟಿ, ಬೆರಳ ಸಂದಿಯಲ್ಲಿ ಕಪ್ಪುಮಣ್ಣು. ಸತ್ತ ಮೇಲೂ ಅವಳ ಹುಬ್ಬು ಗಂಟಿಕ್ಕಿತ್ತು. ಮೈ ಇಲ್ಲಿ ಮಲಗಿದ್ದರೂ ಅವಳು ಇನ್ನೂ ತನ್ನ ಬಾಗಿಲಲ್ಲೇ ನಿಂತಿದ್ದಾಳೆ ಎಂಬುದು ಜೂಲಿಯನ್ನನಿಗೆ ಖಚಿತವಾಯಿತು. ಇವತ್ತೇ ಸಂಜೆ ಹೊಸ್ತಿಲಲ್ಲಿ, ಕತ್ತಲಲ್ಲಿ, ಆ ಕೈಯ ಮುಂದೆ ಕೈಯೊಡ್ಡಿ ತಪ್ಪಾಯಿತು ಎನ್ನಬಹುದಿತ್ತು. ಕೊಂಡವನ ಕಣ್ಣಿಗೆ ಅವಳು ಕಾಣುತ್ತಲೇ ಇದ್ದಳು. ಆದರೆ ಆ ಮುಖವನ್ನು ಎದುರಿಸಬೇಕಲ್ಲ! ಮಣ್ಣು ಇಲ್ಲೇ ಇದೆ. ಕೇಳುವವರಿಲ್ಲ. ಬೈಯುವವರಿಲ್ಲ. ಹತ್ತಿರದ ದಾರಿ ಎಂದರೆ ಅವನಿಗೆ ಮೊದಲಿನಿಂದಲೂ ಪ್ರೀತಿ.

ಅವಳ ಹೆಬ್ಬೆರಳು ಹಿಡಿದು ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ತಿರುಚಿದ. ಲಟಕ್ ಎಂದಿತು. ಇನ್ನೊಂದು ಬೆರಳು. ಇನ್ನೊಂದು. ಮಣ್ಣು ಅವನ ಅಂಗೈಗೆ ಬಿತ್ತು. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಆ ಕ್ಷಣವೇ ಮುದುಕಿಯ ಹುಬ್ಬಿನ ಗಂಟು ಬಿಚ್ಚಿತು. ನಿದ್ದೆ ಹೋದವಳ ಮುಖವಾಯಿತು ಅದು. ಜೂಲಿಯನ್ ಮಣ್ಣನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಓಡಿದ.

ಒಂದೇ ಕೈಯಲ್ಲಿ ಕಾರು ನಡೆಸಿದ. ಮಂಜು ದಾರಿ ನುಂಗಿತ್ತು. ಕತ್ತಲು. ಬೇಲಿ. ಮನೆಯ ದೀಪ. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಅವಳಿಲ್ಲ! ಜೂಲಿಯನ್ ನಕ್ಕುಬಿಟ್ಟ. ಹೊಸ್ತಿಲ ಮೇಲೆ ಕಾಲಿಟ್ಟ. ಮಣ್ಣು ಬಿಸಾಡಲು ಕೈ ಬಿಚ್ಚಹೋದ. ಬಿಚ್ಚಲಿಲ್ಲ. ಕಾಲೆತ್ತಲು ನೋಡಿದ. ಏಳಲಿಲ್ಲ. ಕಲ್ಲಿನ ಕೆಳಗೆ ಏನೋ ಗಾಜು ಕಿರ್ರೆಂದಿತು. ಪಾದದೊಳಗೆ ಸೂಜಿ. ಒಂದಲ್ಲ. ಹತ್ತು. ಬಗ್ಗಿದ ಸೂಜಿಗಳು ಮೊಣಕಾಲಿಗೆ ಏರಿದವು. ಪಕ್ಕೆಗೆ. ಎದೆಗೆ. ಲೋರ್ನಾ ಎಂದು ಕೂಗಿದ. ದನಿ ಬರಲಿಲ್ಲ. ಕತ್ತಲು ಬಂತು.

ಹೃದಯಾಘಾತ ಎಂದರು ವೈದ್ಯರು. ಮಂಡಿಯೂರಿ ಸತ್ತಿದ್ದ. ಅವನ ಮುಷ್ಟಿ ಯಾರಿಗೂ ಬಿಡಿಸಲಾಗದೆ ಹಾಗೇ ಹೂಳಿದರು. ಲೋರ್ನಾ ಹೊಸ್ತಿಲಲ್ಲಿ ಕೂತು ಅತ್ತದ್ದನ್ನು ಅವನು ಅಲ್ಲೇ ನಿಂತು ನೋಡಿದ. ಅವಳ ಬೆನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವನ ಬೊಗಸೆಯಿಂದ ಉದುರಿದ ಮಣ್ಣನ್ನು ಅವಳು ದಿನವೂ ಗುಡಿಸಿದಳು. ಈಗ ಬೈಯುತ್ತಿರಲಿಲ್ಲ. ಹೊಸ್ತಿಲ ಮಾಟದ ಕತೆಯನ್ನೂ ಪಬ್ಬಿನ ಸುದ್ದಿಯನ್ನೂ ಕೊನೆಗೆ ಊರವರೇ ಅವಳಿಗೆ ಹೇಳಿದರು. ಅದನ್ನೂ ಅವನು ನಿಂತು ಕೇಳಿಸಿಕೊಂಡ.

ಬೇಸಗೆಯಲ್ಲಿ ಅವಳು ಮನೆ ಮಾರಾಟಕ್ಕಿಟ್ಟಳು. ನೋಡಲು ಬಂದ ಯುವಕನಿಗೆ ಬಾಗಿಲಲ್ಲೇ ಹೇಳಿದಳು: “ನಾನಿದನ್ನೆಲ್ಲ ನಂಬಲ್ಲ. ಆದ್ರೂ ಊರಿನ ವಕೀಲರು ಥರ್ಟಲ್ ಅಂತ ಇದ್ದಾರೆ. ಅವ್ರ ಹತ್ರಾನೇ ಮಾಡಿಸಿ.”

“ಮೀನು ಅಂಗಡಿ ಮೇಲಿನ ಮುದುಕನಾ?” ಯುವಕ ಫೋನು ತೋರಿಸಿ ನಕ್ಕ. “ನನ್ನ ವಕೀಲರು ಇಲ್ಲಿದ್ದಾರೆ.”

ಮನೆ ಕೈಬದಲಾದ ದಿನ ಲೋರ್ನಾ ಬೆಳಿಗ್ಗೆಯೇ ಹೊರಟುಹೋದಳು. ಮಧ್ಯಾಹ್ನ ಬೇಲಿಯ ತಿರುವಿನಲ್ಲಿ ಕಾರು ಕಾಣಿಸಿತು. ಜೂಲಿಯನ್ ಸೋತ ಕೈಗಳನ್ನು ಎತ್ತಿ ಚಾಚಿದ. ಕಾರು ನಿಧಾನವಾಯಿತು. ಗಾಜಿನಾಚೆ ಯುವಕ ಅವನನ್ನು ನೋಡಿದ, ಚೆನ್ನಾಗಿಯೇ ನೋಡಿದ.

“ತಗೊಳ್ಳಪ್ಪಾ,” ಎಂದ ಜೂಲಿಯನ್.

ಯುವಕ ಮುಖ ತಿರುಗಿಸಿದ. ಕಾರು ಪಬ್ಬಿನ ಕಡೆ ಹೋಯಿತು. ಅಲ್ಲಿ ಪೈ ಬಿಸಿಯಾಗಿ, ಚೆನ್ನಾಗಿರುತ್ತದೆ ಎಂದು ಜೂಲಿಯನ್ನನಿಗೆ ಗೊತ್ತಿತ್ತು.