ಹನ್ನೊಂದು ಶನಿವಾರದ ಕಲ್ಲುಗಳು

ಮೂರು ಕಲ್ಲು, ಒಂದರ ಮೇಲೊಂದು. ಕೆಳಗಿನದು ಅಂಗೈ ಅಗಲ, ನಡುವಿನದು ಅದಕ್ಕಿಂತ ಚಿಕ್ಕದು, ಮೇಲಿನದು ನಿಂಬೆಹಣ್ಣಿನಷ್ಟು.

ಭವಾನಿ ಅದನ್ನು ಕಂಡಾಗ ಸಂಜೆ ಐದೂ ಕಾಲು. ಆನೆಗೊಂದಿಯ ಹಿಂದಿನ ಗುಡ್ಡದಲ್ಲಿ, ಹದಿನಾಲ್ಕು ಕಿಲೋಮೀಟರಿನ ಓಟದ ದಾರಿಯಲ್ಲಿ ಅವಳು ಒಬ್ಬಳೇ ಓಡುತ್ತಿದ್ದಳು. ದಾರಿ ತೋರಿಸಲು ಬಂಡೆಗಳ ಮೇಲೆ ಬಳಿದಿದ್ದ ಸುಣ್ಣದ ಬಾಣಗಳು ಗುರುವಾರದ ಅಕಾಲದ ಮಳೆಗೆ ತೊಳೆದುಹೋಗಿದ್ದವು. ದಾರಿ ಎರಡಾಗಿ ಒಡೆದಲ್ಲಿ ನಿಂತು ನೋಡುತ್ತಿದ್ದಾಗ ಎಡಗಡೆ ಈ ಕಲ್ಲುಗಳು ಕಂಡವು.

ಈ ಭಾಗದಲ್ಲಿ ಜನ ಗುಡಿಯ ಹತ್ತಿರದ ಬಂಡೆಗಳ ಮೇಲೆ ಹೀಗೆ ಕಲ್ಲು ಪೇರಿಸುತ್ತಾರೆ, ಸ್ವಂತ ಮನೆಯಾಗಲಿ ಎಂದು ಬೇಡಿಕೊಂಡು. ಅದು ಅವಳಿಗೆ ಗೊತ್ತಿತ್ತು. ಆದರೆ ಈ ಗುಡ್ಡದಲ್ಲಿ ಗುಡಿಯಿಲ್ಲ, ಯಾತ್ರಿಕರು ಬರುವುದಿಲ್ಲ. ಮೂರು ವರ್ಷದ ಹಿಂದೆ ಎನ್‌ಸಿಸಿ ಕ್ಯಾಂಪಿಗೆ ಹಿಮಾಚಲಕ್ಕೆ ಹೋಗಿದ್ದಾಗ ಗೈಡ್ ಹೇಳಿದ್ದ ಮಾತು ನೆನಪಾಯಿತು: ಕಲ್ಲು ಪೇರಿಸಿದ್ದು ಕಂಡರೆ ಅದೇ ದಾರಿ. ಹಾಗಾದರೆ, ಸುಣ್ಣ ಅಳಿಸಿದ ಮೇಲೆ, ಬಾಣ ಬಳಿದಿದ್ದ ಯಂಕೇಶನೇ ಬಂದು ಇದನ್ನು ಇಟ್ಟು ಹೋಗಿದ್ದಾನೆ.

ಇಟ್ಟವನು ಯಂಕೇಶನೇ. ಅಷ್ಟು ಮಾತ್ರ ನಿಜವಾಗಿತ್ತು. ಅವಳು ಎಡಕ್ಕೆ ತಿರುಗಿದಳು.

ಯಂಕೇಶ ಆನೆಗೊಂದಿಯವನು, ಇಪ್ಪತ್ತಾರು ವಯಸ್ಸಿನ ಬಾಳೆ ಬೆಳೆಗಾರ. ಮಾರ್ಚಿನಲ್ಲಿ ನಡೆಯಲಿದ್ದ ಗುಡ್ಡದ ಓಟದ ಸ್ಪರ್ಧೆಗೆ ದಾರಿ ಗುರುತು ಮಾಡುವ ಕೆಲಸ ಅವನದು. ಕುಷ್ಟಗಿಯ ಭವಾನಿ ಗಂಗಾವತಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದಳು. ಇಬ್ಬರೂ ಓಡುತ್ತಿದ್ದರು, ಅವನು ಸದಾ ನಾಲ್ಕು ಹೆಜ್ಜೆ ಹಿಂದೆ. ಆದರೆ ಸ್ಪರ್ಧೆಯ ದಿನ ಅವಳು ಇಲ್ಲಿರುವುದಿಲ್ಲ. ಸೋಮವಾರ ಉತ್ತರಾಖಂಡದ ರೈಲು, ಇಪ್ಪತ್ತೆಂಟು ದಿನದ ಪರ್ವತಾರೋಹಣದ ತರಬೇತಿ. ಹೋಗುವ ಮುನ್ನ ಇಡೀ ದಾರಿಯನ್ನು ಒಮ್ಮೆ ಒಬ್ಬಳೇ ಓಡಬೇಕು ಎಂದು ಹಟ ಹಿಡಿದಿದ್ದಳು.

ಆ ಮಧ್ಯಾಹ್ನ ಅವಳು ಶೂ ಲೇಸು ಬಿಗಿಯುವಾಗ, ಬಾಳೆನಾರಿನ ಬುಟ್ಟಿ ಹೆಣೆಯುತ್ತಿದ್ದ ಯಂಕೇಶನ ದೊಡ್ಡವ್ವ ಫಕೀರಮ್ಮ ಕೇಳಿದ್ದಳು:

“ಯವ್ವಾ, ಹಿಂದ ನಾಯಿ ಇಲ್ಲ, ಮುಂದ ಬಸ್ಸಿಲ್ಲ. ಯಾಕ ಓಡ್ತಿ?”

“ಸುಮ್ನ ಓಡ್ತೀನಿ ದೊಡ್ಡವ್ವಾ.”

“ನೀ ಸುಮ್ನ ಓಡಾಕಿ. ನಿನ್ನ ಹಿಂದ ಸುಮ್‌ಸುಮ್ನ ಓಡಾವ ಇವ.”

ಯಂಕೇಶ ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳವನ್ನು ಮೂರನೇ ಸಲ ಬಿಗಿ ಮಾಡಿದ್ದ. ಕೊಡುವಾಗ ಅವನ ಬೆರಳು ತಾಗಿತು. ಇಬ್ಬರೂ ಬಾಟಲಿಯನ್ನೇ ನೋಡಿದರು.

“ಗುರುತೆಲ್ಲಾ ಅದಾವಲ್ರಿ?”

“ಅದಾವ್ರಿ ಟೀಚರ್. ಕಣ್ಮುಚ್ಚಿ ಓಡ್ರಿ.”

ಮಳೆಯಾದ ಮೇಲೆ ಅವನು ಗುಡ್ಡ ಹತ್ತಿ ನೋಡಿರಲಿಲ್ಲ.

ಇನ್ನೊಂದು ಮಾತೂ ಇತ್ತು. ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವಳ ಅಪ್ಪ ಉಮಾಪತಿ ತರಬೇತಿಗೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ. “ಇವತ್ತಿಂದ ದಿನಾ ಸಂಜಿ ಆರೂವರಿಗೆ ಫೋನ್ ಬರಬೇಕು. ಒಂದಿನ ತಪ್ಪಿತಂದ್ರ ಟಿಕೆಟ್ ಹರದು ಒಗಿತೀನಿ.”

ಎರಡನೇ ಕಲ್ಲುಗುಂಪು, ಮೂರನೆಯದು, ನಾಲ್ಕನೆಯದು. ದಾರಿ ಇಳಿಯುತ್ತಲೇ ಹೋಯಿತು. ಆರನೆಯದರ ನಂತರ ಒಂದು ಬೋಳು ಬಂಡೆ, ಎರಡಾಳು ಎತ್ತರದ ಇಳಿಜಾರು. ಕೆಳಗೆ ಏಳನೆಯದು ಕಾಣುತ್ತಿತ್ತು. ಅವಳು ಕೂತು ಜಾರಿದಳು.

ಜಾರಿ ನಿಂತ ಮೇಲೆ ತಿಳಿಯಿತು, ಇದು ಓಟದ ದಾರಿಯಲ್ಲ.

ಹಿಂದೆ ಹತ್ತಲು ನೋಡಿದಳು. ಕೈಗೆ ಹಿಡಿ ಸಿಗಲಿಲ್ಲ. ಮುಂದೆ ಬಂಡೆ ಕತ್ತರಿಸಿದಂತೆ ನಿಂತಿತ್ತು. ಆಚೆ ಬಂಡೆಗೆ ಐದು ಅಡಿ ಅಂತರ, ನಡುವೆ ಕಪ್ಪು ಸಂದಿ. ಫೋನಿನಲ್ಲಿ ಸಿಗ್ನಲ್ ಇಲ್ಲ. ಗಂಟೆ ಐದು ಐವತ್ತು.

ಆಗ ಸಂದಿಯೊಳಗಿಂದ ಸದ್ದು ಬಂತು. ಯಾರೋ ಮೂಗಿನಿಂದ ಜೋರಾಗಿ ಉಸಿರು ಬಿಟ್ಟ ಹಾಗೆ. ನಂತರ ಒಣ ಎಲೆಯ ಮೇಲೆ ಭಾರ ಊರಿದ ಸದ್ದು. ಗಾಳಿಯಲ್ಲಿ ಹಸಿ ಕಂಬಳಿಯಂಥ ವಾಸನೆ.

ಕರಡಿ.

ಅವಳು ಹಿಂದಿನ ಬಂಡೆಗೆ ಬೆನ್ನು ಒತ್ತಿದಳು. ಎದೆಯ ಬಡಿತ ಕರಡಿಗೂ ಕೇಳಿಸುತ್ತದೆ ಅನ್ನಿಸಿತು. ಬ್ಯಾಗಿನ ಪಟ್ಟಿಗೆ ಸೀಟಿ ಕಟ್ಟಿತ್ತು. ಊದಿದರೆ ಅದು ಮೇಲೆ ಬರುತ್ತದೆ. ಊದದಿದ್ದರೆ ಇಲ್ಲಿದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ.

ಯಂಕೇಶ ಮೊದಲ ಶನಿವಾರವೇ ಹೇಳಿದ್ದ. “ಕರಡಿಗೆ ಕಣ್ಣು ಮಂದ್ರಿ ಟೀಚರ್. ಸುಮ್ನ ಹೋಗಿ ಎದುರ ನಿಂತ್ರ ಗಾಬರಿಯಾಗಿ ಮೈ ಹರೀತೈತಿ. ಸಪ್ಪಳ ಮಾಡ್ರಿ, ಅದ ದೂರ ಹೊಕ್ಕೈತಿ. ಅದಕ್ಕೂ ನಮ್ಮಂಗ ಅಂಜಿಕಿ ಇರ್ತೈತಿ.”

ಅವನ ಮಾತನ್ನು ನಂಬಬೇಕೋ, ತನ್ನ ಭಯವನ್ನೋ?

ಮೊದಲ ಸಲ ಊದಿದಾಗ ಬರೀ ಗಾಳಿ ಬಂತು. ಎರಡನೇ ಸಲ ಸದ್ದು ಬಂಡೆಗಳಿಗೆಲ್ಲ ಬಡಿಯಿತು. ಮೂರು ಊದು, ನಿಲ್ಲಿಸು, ಮತ್ತೆ ಮೂರು. ಸಂದಿಯ ಆಚೆ ತುದಿಯಲ್ಲಿ ಕಪ್ಪು ಬೆನ್ನೊಂದು ಎದ್ದಿತು. ಮಾಸಲು ಬಿಳಿಯ ಮೂತಿ ಅವಳ ಕಡೆ ತಿರುಗಿ ಗಾಳಿ ಮೂಸಿತು. ಅವಳು ಕಣ್ಣು ಮುಚ್ಚದೆ ಊದಿದಳು. ಕಪ್ಪು ಬೆನ್ನು ಪೊದೆಯೊಳಗೆ ಇಳಿಯಿತು. ಹೋಯಿತೋ, ಅಲ್ಲೇ ಕೂತಿತೋ ತಿಳಿಯಲಿಲ್ಲ.

ಕೆಳಗಿನಿಂದ ತಗಡಿನ ಡಬ್ಬ ಬಡಿಯುವ ಸದ್ದು ಕೇಳಿಸಿತು. ಗುಡ್ಡದ ಬುಡದಲ್ಲೇ ಯಂಕೇಶನ ತೋಟ. ಅವನು ಆಚೆ ಬಂಡೆಯ ಮೇಲೆ ಕಾಣಿಸಿಕೊಂಡಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

“ಪೆಟ್ಟಾಗೇತೇನ್ರಿ?”

“ಇಲ್ಲ. ಕೆಳಗ ಐತಿ ಅದು.”

“ಗೊತ್ತೈತ್ರಿ. ಕತ್ತಲಾದ್ರ ತಿರುಗಿ ಬರ್ತೈತಿ. ಜಿಗೀರಿ.”

“ಆಗಂಗಿಲ್ಲ.”

“ವಾರವಾರ ಇದಕ್ಕಿಂತ ದೊಡ್ಡದು ಜಿಗಿತೀರಲ್ರಿ ಟೀಚರ್...”

“ಕಾಲು ನಡಗಾಕತ್ತಾವ್ರಿ ಯಂಕೇಶ್!”

“ನನ್ನವೂ ನಡಗಾಕತ್ತಾವ!” ಅವನ ದನಿ ಒಡೆಯಿತು. “ಕೆಳಗ ನೋಡಬ್ಯಾಡ, ನನ್ನ ನೋಡು. ಜಿಗಿ ಭವಾನಿ!”

ಹನ್ನೊಂದು ವಾರದಲ್ಲಿ ಅವನು ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಜಿಗಿದಳು. ಅವನ ಎರಡೂ ಕೈ ಅವಳ ತೋಳು ಹಿಡಿದವು, ಇಬ್ಬರೂ ಬಂಡೆಯ ಮೇಲೆ ಕುಸಿದರು. ಸ್ವಲ್ಪ ಹೊತ್ತು ಯಾರೂ ಕೈ ಬಿಡಲಿಲ್ಲ.

“ಗುರುತು ತಪ್ಪು ಇಟ್ಟೀರಿ,” ಅಂದಳು. “ಏಳು ಕಡೆ.”

ಅವನು ನೆಲ ನೋಡುತ್ತ ಹೇಳಿದ. “ಗುರುತಲ್ರಿ ಅವು. ನೀವು ಬಸ್ ಹತ್ತಿದ್ಮ್ಯಾಲೆ ಗುಡ್ಡಕ್ಕ ಬಂದು ಈ ದಾರ್‍ಯಾಗ ತ್ವಾಟಕ್ಕ ಇಳೀತಿದ್ನಿ. ಶನಿವಾರಕ್ಕೊಂದು ಇಟ್ಟೀನಿ.”

“ಯಾತಕ್ಕ?”

“ಎಲ್ಲಾರೂ ಯಾತಕ್ಕ ಇಡ್ತಾರ?”

ಗುಡಿಯ ಬಂಡೆಗಳನ್ನು ನೆನೆದು ಅವಳು ಶನಿವಾರಗಳನ್ನು ಎಣಿಸಿದಳು.

“ಹನ್ನೊಂದು ಮನಿ ಬೇಕೇನ್ರಿ ನಿಮಗ?”

“ಒಂದ. ನೀವಿರೋದು.” ಅವನು ಮುಖ ಎತ್ತಲಿಲ್ಲ. “ಬಾಯಿ ಬಿಟ್ಟು ಹೇಳಾಕ ಅಂಜಿಕಿ. ಕಲ್ಲಿಗೆ ಹೇಳಿದ್ನಿ. ಅದು ನಿಮ್ಮನ್ನ ಕರಡಿ ತನಕ ತಂದು ಬಿಟ್ಟೈತಿ. ಮಳಿ ಆದ್ಮ್ಯಾಲೆ ಗುರುತು ನೋಡದ ಅದಾವಂದ್ನಿ, ಅದೂ ನಂದ ತಪ್ಪು. ಬೈರಿ.”

ಬೈಯಬೇಕೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಸಿಗ್ನಲ್ ಸಿಕ್ಕು ಜೇಬಿನ ಫೋನು ಸಾಲಾಗಿ ಮಿಡಿಯಿತು. ಅಪ್ಪನ ಏಳು ಮಿಸ್ಡ್ ಕಾಲ್. ಗಂಟೆ ಆರು ನಲವತ್ತು. ಸುಳ್ಳು ಹೇಳಬಹುದಿತ್ತು. ಬಸ್ಸಿನಲ್ಲಿದ್ದೆ, ಚಾರ್ಜ್ ಇರಲಿಲ್ಲ.

“ಅಪ್ಪಾ, ದಾರಿ ತಪ್ಪಿತ್ತು. ಕರಡಿ ಕಂಡ್ನಿ. ಭಾಳ ಅಂಜಿದ್ನಿ. ಸೀಟಿ ಊದೀನಿ, ತ್ವಾಟದವ್ರು ಬಂದಾರ. ಈಗ ಅರಾಮ ಅದೀನಿ.”

ಆ ಕಡೆ ಅಂಗಡಿಯ ಶಟರು ಎಳೆದ ಸದ್ದು ಕೇಳಿತು. ಕರಡಿಯ ಎದುರು ನಿಂತದ್ದಕ್ಕಿಂತ ಅಪ್ಪನ ಮಾತಿಗೆ ಕಾಯುವುದು ಕಷ್ಟವಾಗಿತ್ತು.

“ಸೀಟಿ ಊದಿದ್ಯಾ?” ಉಮಾಪತಿ ಕೇಳಿದರು.

“ಹ್ಞೂಂ ಅಪ್ಪಾ.”

“ಅದನ್ನ ಅಲ್ಲಿಗೂ ಒಯ್ಯಿ.” ಮೂಗು ಎಳೆದುಕೊಂಡ ಸದ್ದು ಕೇಳಿತು. “ಅಲ್ಲಿಂದನೂ ಆರೂವರಿಗೇ ಫೋನ್ ಮಾಡಬೇಕು ಮತ್ತ.”

ಇಬ್ಬರೂ ಇಳಿಯತೊಡಗಿದರು, ಅವನು ಡಬ್ಬ ಬಡಿಯುತ್ತ, ಅವಳು ಸೀಟಿ ಊದುತ್ತ. ಎಂಟನೆಯ ಕಲ್ಲುಗುಂಪನ್ನು ಯಂಕೇಶ ಕಾಲಿನಿಂದ ಒದ್ದು ಉರುಳಿಸಿದ. ಸ್ಪರ್ಧೆಯ ದಿನ ಇನ್ಯಾರೂ ನಂಬಿ ಬರಬಾರದು. ಒಂಬತ್ತನೆಯದನ್ನು ಉರುಳಿಸಿದ, ಹತ್ತನೆಯದನ್ನೂ. “ಮ್ಯಾಲಿನ ಏಳನ್ನೂ ನಾಳೆ ಬೆಳಿಗ್ಗೆ ಕೆಡವಿ, ಸುಣ್ಣ ಬಳದು ಬರ್ತೀನ್ರಿ.”

ಹನ್ನೊಂದನೆಯದು ತೋಟದ ಬೇಲಿಯ ಒಳಗೆ, ಬಾಳೆಗಿಡಗಳ ಸಾಲಿನ ಮೊದಲಿಗಿತ್ತು. ಅವನು ಕಾಲು ಎತ್ತಿದ. ಅವಳು ಅವನ ಅಂಗಿಯ ತೋಳು ಹಿಡಿದಳು.

“ಇಲ್ಲಿ ಯಾರೂ ಓಡಿ ಬರಂಗಿಲ್ಲಲ್ಲ?”

“ಇಲ್ರಿ.”

“ಈಗ ಮತ್ತ ‘ರಿ’ ಅಂತಿ. ಗುಡ್ಡದ ಮ್ಯಾಲ ‘ಜಿಗಿ ಭವಾನಿ’ ಅಂದಿ.”

“ಅಲ್ಲಿ ಜೀವ ಹೋಗಿತ್ತು ನಂದು.”

ಅವಳು ಬಗ್ಗಿ ನೆಲದಿಂದ ಚಿಕ್ಕದೊಂದು ಕಲ್ಲು ಆರಿಸಿದಳು. ಎರಡು ಸಲ ಜಾರಿತು. ಮೂರನೇ ಸಲ ಮೂರು ಕಲ್ಲಿನ ಮೇಲೆ ನಾಲ್ಕನೆಯದು ನಿಂತಿತು.

“ಇದೊಂದು ಇರ್ಲಿ,” ಅಂದಳು. “ಇಪ್ಪತ್ತೆಂಟು ದಿನ ಆದ್ಮ್ಯಾಲೆ ತಿರುಗಿ ಬರಾಕ ನನಗ ಗುರುತು ಬೇಕು.”