ಉಬ್ಬಿಲ್ಲದ ಗೆರೆ

ಶಿವಕುಮಾರಿಯನ್ನು ಕೊಂದದ್ದು ಒಂದು ಮಾತು ಎಂದು ಸಂಗನಬಸವ ನಂಬಿದ್ದ. ಆ ಮಾತನ್ನು ಆಡಿದವನು ಮಸ್ಕಿಯ ಔಷಧಿ ಅಂಗಡಿಯ ಅಮರಗುಂಡಪ್ಪ.

ನಾಲ್ಕು ವರ್ಷದ ಹಿಂದೆ, ಕಾರಹುಣ್ಣಿಮೆಯ ಮರುದಿನ, ರೊಟ್ಟಿ ಬಡಿಯುತ್ತ ಕೂತಿದ್ದ ಸಂಗನಬಸವನ ಹೆಂಡತಿ ಶಿವಕುಮಾರಿ ದವಡೆ ಹಿಡಿದುಕೊಂಡು ಮೇಲೆದ್ದಳು. ಬೆನ್ನು ಸೆಳೆಯುತ್ತಿತ್ತು, ಮೈಯೆಲ್ಲ ತಣ್ಣನೆಯ ಬೆವರು. ಓಣಿಯಲ್ಲಿ ಕಾರಿದ್ದದ್ದು ಅಮರಗುಂಡಪ್ಪನ ಮನೆಯಲ್ಲಿ ಮಾತ್ರ. ಔಷಧಿಯ ತಿಳಿವಳಿಕೆ ಇದ್ದವನೂ ಅವನೊಬ್ಬನೇ. ಸಂಗನಬಸವ ಅವಳನ್ನು ಅಲ್ಲಿಗೆ ನಡೆಸಿಕೊಂಡು ಹೋದಾಗ ಅವನು ಕುರ್ಚಿಯಿಂದ ಏಳದೆಯೇ ಅವಳ ಮುಖ ನೋಡಿ ನಕ್ಕಿದ್ದ.

"ಗ್ಯಾಸ್ ಆಗೈತಲೇ ಸಂಗ್ಯಾ. ಹೆಣ್ಮಕ್ಕಳಿಗೆ ಎಲ್ಲೀ ಎದಿ ರೋಗ? ಒಂದು ಸೋಡಾ ಕುಡಸು, ಮಲಗಸು. ಇಷ್ಟಕ್ಕ ಕಾರ್ ಯಾಕ ಬೇಕು?"

ದೊಡ್ಡವರ ಮಾತೆಂದು ಅವಳನ್ನು ಮನೆಗೆ ಕರೆದೊಯ್ದು ಮಲಗಿಸಿದ. ಒಂದು ತಾಸು ಹೋಯಿತು, ಇನ್ನೊಂದು ತಾಸು ಹೋಯಿತು. ಆಮೇಲೆ ಮೂರು ಗಂಟೆಯ ಬಸ್ಸು. ಸಿಂಧನೂರು ಇನ್ನೂ ಅರ್ಧ ಹಾದಿ ಇರುವಾಗ, ಅವನ ಹೆಗಲಿಗೆ ಆನಿಸಿದ್ದ ತಲೆ ಇದ್ದಕ್ಕಿದ್ದಂತೆ ಭಾರವಾಯಿತು. ಮರುದಿನ ಮಣ್ಣು ಕೊಡಲು ಬಂದ ಅಮರಗುಂಡಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು, "ಶಿವ ಕೊಟ್ಟ ಆಯುಷ್ಯ ಅಷ್ಟ ಇತ್ತಪಾ" ಎಂದ. ತಾನು ಏನು ಹೇಳಿದ್ದೆ ಎಂಬುದು ಅವನಿಗೆ ನೆನಪೇ ಇದ್ದಂತಿರಲಿಲ್ಲ. ಸಂಗನಬಸವನಿಗೆ ಸಹಿಸಲಾಗದೆ ಹೋದದ್ದು ಅದು.

ಅವನು ಅಳಲಿಲ್ಲ. ಬಸ್ ನಿಲ್ದಾಣದ ಬಳಿಯ ತನ್ನ ಝೆರಾಕ್ಸ್ ಅಂಗಡಿಯನ್ನು ಮುಚ್ಚಿ, ಲಿಂಗಸುಗೂರಿನಲ್ಲಿ ಆರು ತಿಂಗಳು ನಿಂತು ಇಸಿಜಿ ತೆಗೆಯುವುದನ್ನು ಕಲಿತ. ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ, ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ, ಒಂದು ಹಳೆಯ ಮಷಿನ್ನಿನ ಜೊತೆ ಕೂತ. ಹೃದಯದ ವಿದ್ಯೆ ದೊಡ್ಡದು, ಅವನಿಗೆ ಬೇಕಾಗಿದ್ದದ್ದು ಅದರಲ್ಲಿ ಒಂದೇ ಒಂದು. ರಕ್ತನಾಳ ಕಟ್ಟಿಕೊಂಡಾಗ ಕಾಗದದ ಮೇಲಿನ ಗೆರೆ, ಬಡಿತ ಮುಗಿದ ಮೇಲೆ ಕೆಳಗಿಳಿಯದೆ, ಸಣ್ಣ ಗುಡ್ಡದಂತೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಕಂಡ ಮೊದಲ ಒಂದೆರಡು ತಾಸಿನಲ್ಲಿ ಚಿಕಿತ್ಸೆ ಸಿಕ್ಕರೆ ಮನುಷ್ಯ ಮನೆಗೆ ಹೋಗುತ್ತಾನೆ, ತಡವಾದರೆ ಇಲ್ಲ. ಶಿವಕುಮಾರಿಯ ಎದೆಯಲ್ಲಿಯೂ ಅದೇ ಉಬ್ಬು ಇದ್ದಿರಬೇಕು. ಸಾವಿರಾರು ಕಾಗದಗಳಲ್ಲಿ ಅವನು ಅದನ್ನೇ ಹುಡುಕಿದ. ಕಂಡಾಗೆಲ್ಲ ಕಾಗದ ಹಿಡಿದು ಡಾಕ್ಟರ ಬಳಿಗೆ ಓಡಿದ. ಅವನ ಓಟದಿಂದ ಬದುಕಿದವರು ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು.

ಹೋದ ವರ್ಷ ಅಮಾವಾಸ್ಯೆಗೆ ಮಸ್ಕಿಗೆ ಹೋದಾಗ, ಮಲ್ಲಯ್ಯನ ಗುಡ್ಡದ ಮೆಟ್ಟಿಲಿನ ನಡುವೆ ಅಮರಗುಂಡಪ್ಪ ಎದೆ ಹಿಡಿದು ಕೂತದ್ದನ್ನು ಅವನು ಕಂಡ.

"ಏರಿದ್ರ ಹಿಡೀತೈತಲೇ, ಕುಂತ್ರ ಬಿಡ್ತೈತಿ" ಎಂದು ಮುದುಕ ನಕ್ಕ. "ಏನರ ಆದ್ರ ನಿನ್ ಹತ್ರಾನ ಬರ್ತೀನಿ. ನಮ್ಮ ಓಣಿಯಂವ ಒಬ್ಬ ದವಾಖಾನಿಯಾಗ ಅದಿಯಲ್ಲ, ಅದ ಧೈರ್ಯ."

ಸಂಗನಬಸವ ನೀರು ಕುಡಿಸಿ, ಕೈಹಿಡಿದು ಕೆಳಗಿಳಿಸಿದ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಉಪಾಯ ಅವನ ಮನಸ್ಸಿನಲ್ಲಿ ಪೂರ್ತಿಯಾಗಿ ಕೂತಿತ್ತು.

ವಿಷ ಬೇಡ, ಆಯುಧ ಬೇಡ. ಮುದುಕನ ಎದೆ ಒಂದು ದಿನ ತಾನೇ ಕೈಕೊಡುತ್ತದೆ. ಅಂದು ಅವನ ಕಾಗದದ ಬದಲು ಒಂದು ಒಳ್ಳೆಯ ಕಾಗದ ಡಾಕ್ಟರ ಮೇಜಿಗೆ ಹೋಗಬೇಕು, ಅಷ್ಟೇ. ಸೋಮವಾರ, ಗುರುವಾರ ನೂರು ಮಂದಿ ಸಾಲಿನಲ್ಲಿರುತ್ತಾರೆ. ಕಾಗದ ಚೆನ್ನಾಗಿದ್ದರೆ ಡಾಕ್ಟರು ಅಸಿಡಿಟಿಯ ಇಂಜೆಕ್ಷನ್ ಕೊಟ್ಟು, ಎರಡು ತಾಸು ಮಲಗಿಸಿ, ಮತ್ತೊಂದು ಇಸಿಜಿ ತೆಗೆಯಲು ಹೇಳುತ್ತಾರೆ. ಅದನ್ನು ತೆಗೆಯುವವನೂ ಅವನೇ. ಆ ಎರಡು ತಾಸು ಸಾಕು.

ಒಳ್ಳೆಯ ಕಾಗದ ಯಾರದು? ಬೇರೆ ರೋಗಿಯದಾದರೆ ಆ ರೋಗಿ ಒಬ್ಬ ಸಾಕ್ಷಿ. ಆದ್ದರಿಂದ ತನ್ನದೇ. ಡಾಕ್ಟರು ಊಟಕ್ಕೆ ಹೋದ ಹೊತ್ತಿನಲ್ಲಿ ಬಾಗಿಲು ಹಾಕಿ, ತನ್ನ ಎದೆಗೇ ತಂತಿ ಹಚ್ಚಿಕೊಂಡು ಮಲಗುತ್ತಿದ್ದ. ಕೊರಳಿನ ಲಿಂಗವನ್ನು ಎದೆಯ ಮೇಲಿಂದ ಸರಿಸಿ, ದಾರ ತೆಗೆಯದೆ, ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಭಕ್ತರಾದ ರೋಗಿಗಳಿಗೆ ಅವನು ಹೇಳಿಕೊಡುತ್ತಿದ್ದ ರೀತಿಯೂ ಅದೇ. ಮಷಿನ್ನಿನ ಗಡಿಯಾರ ಕೆಟ್ಟು ವರ್ಷಗಳಾಗಿದ್ದವು, ಹೆಸರು ವೇಳೆಯನ್ನೆಲ್ಲ ಅವನೇ ಪೆನ್ನಿನಿಂದ ಬರೆಯಬೇಕು. ಸಿಂಧನೂರಿನ ಬಿಸಿಲಿಗೆ ಆ ಕಾಗದ ಕಪ್ಪಿಡುತ್ತದೆಂದು ತಿಂಗಳಿಗೊಮ್ಮೆ ಹಳೆಯದನ್ನು ಹರಿದು ಹೊಸದನ್ನು ತೆಗೆದಿಡುತ್ತಿದ್ದ. ಪ್ರತಿ ಸಲವೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಲ್ಲಿಯೂ ಉಬ್ಬಿಲ್ಲ. ಅಮರಗುಂಡಪ್ಪ, ಅರವತ್ತೊಂದು ವರ್ಷ ಎಂದು ಕಾಗದದ ಮೇಲ್ತುದಿಯಲ್ಲಿ ಬರೆದು, ವೇಳೆಯ ಜಾಗವನ್ನು ಖಾಲಿ ಬಿಟ್ಟು, ರಿಜಿಸ್ಟರಿನ ಅಡಿಗೆ ಇಡುತ್ತಿದ್ದ.

ಇದನ್ನು ಕೊಲೆಯೆಂದು ಅವನು ಕರೆಯಲಿಲ್ಲ. ಒಂದು ಮಾತನ್ನು ಆಡಿದವನಿಗೇ ತಿರುಗಿ ಮುಟ್ಟಿಸುವುದು. ಬೆಳಗಿನ ಪೂಜೆಯಲ್ಲಿ ಲಿಂಗಯ್ಯನಿಗೆ ದಿನವೂ ಇದನ್ನು ಅರಿಕೆ ಮಾಡಿಕೊಂಡ. ಲಿಂಗಯ್ಯ ಸುಮ್ಮನಿದ್ದ. ಆ ಮೌನವನ್ನೇ ಅವನು ಅಪ್ಪಣೆಯೆಂದು ತಿಳಿದ.

ಹನ್ನೊಂದು ತಿಂಗಳು ಕಾದ. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರು ಬಂತು. ಡ್ರೈವರ್ ಬುಡ್ಡೇಸಾಬನ ಹೆಗಲಿಗೆ ಜೋತುಬಿದ್ದು ಅಮರಗುಂಡಪ್ಪ ಮೆಟ್ಟಿಲೇರಿದ. ಅಂಗಿ ಮೈಗೆ ಅಂಟಿತ್ತು, ತುಟಿ ಬಿಳಿಚಿತ್ತು.

"ಏನ್ ಕಾಕಾ, ಹಿಂಗ್ಯಾಕ ಬೆವತೀರಿ?"

"ಮುಂಜಾನಿ ಒಗ್ಗರಣಿ, ಮಿರ್ಚಿ ಭಜಿ ತಿಂದೀನಪಾ, ಅದ ಎದಿಗೆ ಹತ್ತೈತಿ. ನಾಕ ಮಿರ್ಚಿ ತಿಂದೀನಿ."

"ಎಂಟು ತಿಂದಾರ್ರೀ" ಎಂದ ಬುಡ್ಡೇಸಾಬ್. "ನಾ ಬಾಜೂಕ ಕುಂತಿದ್ದೆ."

"ನೋಡಲೇ ಸಂಗ್ಯಾ, ನನ್ನ ಕಾರ್ ಹೊಡೀತಾನ, ನನ್ನ ಮಿರ್ಚೀನೂ ಎಣಸ್ತಾನ."

ಬುಡ್ಡೇಸಾಬನನ್ನು ಹೊರಗೆ ಕೂಡಿಸಿ ಸಂಗನಬಸವ ಬಾಗಿಲು ಹಾಕಿದ. "ಲಿಂಗಯ್ಯನ್ನ ಅಂಗೈಯಾಗ ಹಿಡೀರಿ ಕಾಕಾ." ತಂತಿಗಳನ್ನು ಒಂದೊಂದಾಗಿ ಕೂರಿಸಿದ. ಕಾಗದ ಸರಸರನೆ ಹೊರಗೆ ಬಂತು. ಮೂರು ಕಡೆ ಉಬ್ಬು, ಒಂದಕ್ಕಿಂತ ಒಂದು ದೊಡ್ಡದು. ಮೂರೂವರೆ ವರ್ಷ ಅವನ ಕಾಲು ಇದನ್ನು ಕಂಡೊಡನೆ ಓಡುತ್ತಿತ್ತು, ಈಗಲೂ ಒಂದು ಹೆಜ್ಜೆ ಎತ್ತಿತು. ಅವನು ಅದನ್ನು ತಡೆದ. ಕಾಗದವನ್ನು ಮಷಿನ್ನಿನಿಂದ ಹರಿದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. ರಿಜಿಸ್ಟರಿನ ಅಡಿಯದನ್ನು ತೆಗೆದು ವೇಳೆ ಬರೆದ.

"ಏನಂತಲೇ, ಎದಿ ಐತೋ ಇಲ್ಲೋ?"

"ಐತಿ ಕಾಕಾ. ಗ್ಯಾಸ್ ಇದ್ದಂಗ ಕಾಣ್ತೈತಿ."

ಇಷ್ಟು ವರ್ಷ ನಾಲಿಗೆಯ ಅಡಿಯಲ್ಲಿ ಕಾಪಾಡಿಕೊಂಡು ಬಂದ ಮಾತು. ಹೊರಗೆ ಬಂದಾಗ ಅದಕ್ಕೆ ಯಾವ ರುಚಿಯೂ ಇರಲಿಲ್ಲ.

ಡಾ. ಅಶ್ವಿನಿ ಕಾಗದ ತೆಗೆದುಕೊಂಡರು. ಕಿರಿಯ ವಯಸ್ಸಿನ, ಅವಸರವಿಲ್ಲದ ಹೆಣ್ಣುಮಗಳು. ಪೆನ್ಸಿಲಿನ ಮೊನೆಯಿಂದ ಕಾಗದದ ಚೌಕಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸಂಗನಬಸವ ಗ್ಯಾಸ್ ಎಂಬ ಆ ಒಂದು ಮಾತಿಗಾಗಿ ಕಾದ. ಅವರು ಎದ್ದು ಬಂದು ಮುದುಕನ ಪಕ್ಕದಲ್ಲಿ ನಿಂತರು.

"ಅಜ್ಜಾರ, ನಿಮ್ಮ ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ, ಏನೂ ಬ್ಯಾನಿ ಇರಲಾರದ, ನಿಂತ ನಿಂತಲ್ಲೇ ಬಿದ್ದು ಹೋಗ್ಯಾರೇನು?"

"ಇಲ್ಲವಾ. ನಮ್ಮವ್ವ ಇನ್ನೂ ಅದಾಳ. ದಿನಾ ಮುಂಜಾನೆದ್ದು ನನ್ನ ಬೈತಾಳ."

ಡಾಕ್ಟರು ನಗಲಿಲ್ಲ. ಆಂಬುಲೆನ್ಸನ್ನು ಬಾಗಿಲಿಗೆ ಹಚ್ಚಲು ಹೇಳಿದರು. ವಾರ್ಡಿನಲ್ಲಿದ್ದ, ನಿಂತ ಎದೆಯನ್ನು ಮತ್ತೆ ಬಡಿಸುವ ಶಾಕ್ ಮಷಿನ್ನನ್ನು ಅದರೊಳಗೆ ಇಡಿಸಿದರು. ಆ ನರ್ಸಿಂಗ್ ಹೋಮಿಗೆ ಇದ್ದದ್ದು ಅದೊಂದೇ. ರಾಯಚೂರಿನ ದೊಡ್ಡ ಆಸ್ಪತ್ರೆಯವರೆಗೆ ತಾವೇ ಜೊತೆಗೆ ಹೋಗುವುದಾಗಿ ಹೇಳಿದರು.

"ಮೇಡಂ, ಉಬ್ಬು ಇಲ್ಲಲ್ರೀ" ಎಂದ ಸಂಗನಬಸವ.

"ಉಬ್ಬು ಇಲ್ಲ. ಇಲ್ಲಿ ನೋಡು." ಪೆನ್ಸಿಲು ಬಡಿತದ ಆಚೆಗಿನ ಸಪಾಟು ಗೆರೆಯ ಮೇಲೆ ಓಡಿತು. "ಒಂದು ಬಡತ ಮುಗದು ಇನ್ನೊಂದಕ್ಕ ಸಜ್ಜಾಗಾಕ ಈ ಎದಿ ಭಾಳ ಹೊತ್ತು ತಗೊಳ್ಳಾಕತ್ತೈತಿ. ಆ ಸಂದಿನ್ಯಾಗ ಒಂದು ಅಂಜಿಕಿ, ಇಲ್ಲಾ ಒಮ್ಮೆಲೆ ಒಂದು ದೊಡ್ಡ ಸಪ್ಪಳ ಬಂದ್ರ, ಬಡಿಯೂದು ಬಿಟ್ಟು ಬರೇ ನಡಗಾಕ ಹತ್ತತೈತಿ. ಕೂಡ್ಲೆ ಶಾಕ್ ಕೊಡದಿದ್ರ ನಾಕೈದು ನಿಮಿಷದಾಗ ಮುಗೀತು. ಇದು ತಂದಿ-ತಾಯಿ ರಕ್ತದಾಗ ಬರೂ ರೋಗ. ಗೊತ್ತಾದ್ರ ಗುಳಿಗಿ ಐತಿ, ಬದುಕ್ತಾರ. ಗೊತ್ತಾಗಬೇಕಲ್ಲ."

ಸ್ಟ್ರೆಚರು ಇಳಿಯಿತು. ಸಂಗನಬಸವ ತನ್ನ ಕೋಣೆಯ ಕಿಟಕಿಗೆ ಬಂದು ನಿಂತ. ಕೆಳಗೆ ಆಂಬುಲೆನ್ಸಿನ ತೆರೆದ ಬಾಗಿಲಿನಿಂದ ಡಾಕ್ಟರ ದನಿ ಕೇಳಿಸಿತು. "ಮಷಿನ್ನಿನ ಸ್ಕ್ರೀನಿನ್ಯಾಗ ಉಬ್ಬು ಕಾಣಾಕತ್ತೈತಿ. ಇದು ಹಾರ್ಟ್ ಅಟ್ಯಾಕ್ ಐತಿ. ಗುಳಿಗಿ ತಗೀರಿ, ಜಲ್ದಿ." ಮುದುಕ ಬದುಕುತ್ತಾನೆ ಎಂದು ಅವನಿಗೆ ತಿಳಿಯಿತು. ಬೇರೆ ದಿನವಾಗಿದ್ದರೆ ಅದೊಂದೇ ಅವನನ್ನು ಮುರಿಯುತ್ತಿತ್ತು. ಕಾಗದ ಅದಲುಬದಲಾಯಿತು ಎಂದು ಹೇಳಿದರೆ ಬೈಗುಳದಲ್ಲಿ ಮುಗಿಯುತ್ತದೆ, ಅದನ್ನು ಅವನು ಮೊದಲೇ ಯೋಚಿಸಿಟ್ಟಿದ್ದ. ಈಗ ಅವನ ಬೆರಳು ತನ್ನ ಮಣಿಕಟ್ಟಿನ ಮೇಲಿತ್ತು. ಡಾಕ್ಟರು ಆ ಕಾಗದದಲ್ಲಿ ಓದಿದ್ದು ಅವನ ಎದೆಯನ್ನು. ಬಳ್ಳಾರಿಗೆ ಹೋಗಬಹುದು. ಬೇರೆ ಡಾಕ್ಟರು, ಹೊಸ ಕಾಗದ, ಗುಳಿಗೆ. ನಾಳೆಯೇ ಹೋಗಬಹುದು.

ಡಾಕ್ಟರು ಕೇಳಿದ ಪ್ರಶ್ನೆಗೆ ಅಮರಗುಂಡಪ್ಪ ಉತ್ತರ ಕೊಟ್ಟಿದ್ದ, ಸಂಗನಬಸವನನ್ನು ಯಾರೂ ಕೇಳಿರಲಿಲ್ಲ. ಅವನ ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೂಲಿ. ಮೂವತ್ತನಾಲ್ಕರ ಗಟ್ಟಿ ಆಳು, ಒಂದು ದಿನ ನೆಗಡಿ ಕಂಡವನಲ್ಲ. ಒಂದು ಬೆಳಿಗ್ಗೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಬೂಟಿನ ದಾರ ಕಟ್ಟುತ್ತ ಕೂತಿದ್ದಾಗ ಗಣಿಯ ಸೈರನ್ ಕೂಗಿತು. ಅಪ್ಪ ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ಗಾಳಿ ಬಡೀತು ಎಂದರು ಮಂದಿ. ಅವ್ವನೂ ಹಾಗೆಯೇ ನಂಬಿ, ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮಸ್ಕಿಗೆ ಬಂದಳು. ಹೆಂಡತಿಯನ್ನು ಕೊಂದ ರೋಗದ ಗುರುತನ್ನು ಸಾವಿರಾರು ಎದೆಗಳಲ್ಲಿ ಹುಡುಕಿದ ಸಂಗನಬಸವ, ಅಪ್ಪ ಯಾವ ರೋಗದಿಂದ ಸತ್ತನೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಡಾಕ್ಟರನ್ನು ಕೂಗಿ ನಿಲ್ಲಿಸಬೇಕೆಂದು ಅವನು ಕಿಟಕಿಯ ಸರಳು ಹಿಡಿದು ಬಾಯಿ ತೆರೆದ. ಅಷ್ಟರಲ್ಲಿ ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಡಾಕ್ಟರನ್ನೂ ಆ ಒಂದೇ ಶಾಕ್ ಮಷಿನ್ನನ್ನೂ ಒಳಗಿಟ್ಟುಕೊಂಡು ಅದು ಹೊರಟಿತು. ಗೇಟಿನಲ್ಲಿ ಅಡ್ಡ ನಿಂತ ಆಟೋಗಳನ್ನು ಸರಿಸಲು, ಅವನು ನಿಂತ ಕಿಟಕಿಗೆ ಸರಿಯಾಗಿ ಕೆಳಗೆ, ಡ್ರೈವರು ಸೈರನ್ ಹಾಕಿದ.