ಒಂದು ಇಂಚು ಗಿಡ್ಡ

"ಡ್ರಾಯಿಂಗ್ ಓದೋಕೆ ಬರಲ್ಲ ಅಂತ ಮೊದಲೇ ಹೇಳಿದ್ರೆ ಬೇರೆಯವ್ರಿಗೆ ಕೊಡ್ತಿದ್ದೆ!"

ವೇದಿಕೆಯ ಪಕ್ಕದಲ್ಲಿ ನಿಂತು ಉಝ್ಮಾ ಅಂದ ಮಾತು ಹತ್ತು ಜನರ ಕಿವಿಗೆ ಬಿತ್ತು. ಅವಳ ಕೈಯಲ್ಲಿ ಅಳತೆಯ ಟೇಪು, ಮುಂದೆ ಒಂದು ಮರದ ಸ್ಟೂಲು. ಸ್ಟೂಲಿನ ಕಾಲು ಡ್ರಾಯಿಂಗಿಗಿಂತ ಒಂದು ಇಂಚು ಗಿಡ್ಡ!

ಅದನ್ನು ಮಾಡಿದ ಮರಳೂರಿನ ಬಡಗಿ ಯಾಸಿರ್ ಅವಳನ್ನೇ ನೋಡಿದ.

"ಪುಟ್ಟತಾಯಮ್ಮ ಕೂತ್ಮೇಲೆ ನೋಡಿ, ಮೇಡಂ," ಎಂದಷ್ಟೇ ಹೇಳಿ ಹಿಂದಿನ ಸಾಲಿಗೆ ಹೋದ.

ಉಝ್ಮಾಳ ಕಣ್ಣು ತುಂಬಿ ಬಂತು. ಅವಳು ತುಮಕೂರಿನ ಈ ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್. ಇಂದಿನ ಸಮ್ಮೇಳನ ಎರ್ಗೊನಾಮಿಕ್ಸ್ ಬಗ್ಗೆ, ಅಂದರೆ ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸುವ ವಿದ್ಯೆಯ ಬಗ್ಗೆ. ಗುಬ್ಬಿಯ ಕೊಬ್ಬರಿ ಗೋಡೌನಿನಲ್ಲಿ ನಲವತ್ತು ಹೆಂಗಸರು ದಿನವಿಡೀ ನೆಲದ ಮೇಲೆ ಕೂತು ಕೊಬ್ಬರಿ ಆರಿಸುತ್ತಾರೆ. ಸಂಜೆಗೆ ಸೊಂಟ ಹಿಡಿದುಕೊಂಡೇ ಏಳುತ್ತಾರೆ. ಅವರಿಗಾಗಿಯೇ ಈ ಸ್ಟೂಲು. ಮಾಲೀಕ ಚನ್ನವೀರಯ್ಯ ಮೊದಲ ಸಾಲಿನಲ್ಲಿ ಕೂತಿದ್ದರು. ಇವತ್ತು ಒಪ್ಪಿದರೆ ನಲವತ್ತು ಸ್ಟೂಲು, ಇಲ್ಲದಿದ್ದರೆ ಆ ಹೆಂಗಸರಿಗೆ ಮತ್ತೆ ಅದೇ ನೆಲ.

ಆದರೆ ಕಣ್ಣೀರಿಗೆ ಅದೊಂದೇ ಕಾರಣವಾಗಿರಲಿಲ್ಲ, ಪಾಪ.

ಮೂರು ತಿಂಗಳಿಂದ ಅವಳು ಯಾಸಿರ್‌ನ ಅಂಗಡಿಗೆ ಹೋಗಿ ಬರುತ್ತಿದ್ದಳು. ಇಬ್ಬರ ಮನೆಮಾತೂ ಉರ್ದು. ಆದರೂ ಗೋಡೌನಿನಲ್ಲಿ ಎಲ್ಲರೆದುರು ಶುರುವಾದ ಕನ್ನಡವೇ ಇಬ್ಬರ ನಡುವೆ ಉಳಿದುಬಿಟ್ಟಿತ್ತು. ಹೋದ ವಾರ ಅವನು ಏನೋ ಹೇಳಲು ಬಾಯಿ ತೆರೆದು, ಹೇಳದೆ ಸುಮ್ಮನಾಗಿದ್ದ. ಆಮೇಲೆ ನಾಲ್ಕು ಸಲ ಫೋನ್ ಮಾಡಿದ. ಅದೇ ಮಾತಿಗೆ ಇರಬೇಕು ಅಂತ ಅವಳ ಎದೆ ಹೊಡೆದುಕೊಂಡಿತ್ತು. ಫೋನ್ ತೆಗೆಯಲು ಧೈರ್ಯ ಸಾಲದೆ 'ಡ್ರಾಯಿಂಗ್ ಪ್ರಕಾರ ಮಾಡಿ, ಮಾತು ಆಮೇಲೆ' ಎಂದು ಮೆಸೇಜ್ ಹಾಕಿದ್ದಳು.

'ನಂಬಿದ್ದೆ ಅವನನ್ನ... ಅವನೇ ಹೀಗೆ ಮಾಡಿದ್ನಲ್ಲ...'

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ವೇದಿಕೆಯ ಬೆಂಚಿನ ಮೇಲೆ ಕೊಬ್ಬರಿ ರಾಶಿ ಹಾಕಿತ್ತು. ಇಪ್ಪತ್ತು ವರ್ಷದಿಂದ ಕೊಬ್ಬರಿ ಆರಿಸುತ್ತಿರುವ ಪುಟ್ಟತಾಯಮ್ಮ ಮೆಟ್ಟಿಲ ಹತ್ತಿರ ಬಂದು ಚಪ್ಪಲಿ ಬಿಟ್ಟರು. ಹಾಕಿಕೊಂಡೇ ಬನ್ನಿ ಎಂದಳು ಉಝ್ಮಾ.

"ಕೊಬ್ರಿ ಮುಂದೆ ಚಪ್ಪಲಿ ಹಾಕ್ಕಂಡು ಕೂರ್ತಾರೇನವ್ವಾ? ಲಕ್ಷ್ಮಿ ಕಣವ್ವಾ ಅದು. ನಾವ್ಯಾರೂ ಹಂಗೆ ಕೂರಕಿಲ್ಲ."

ಬರಿಗಾಲಲ್ಲಿ ಬಂದು ಕೂತರು. ಎರಡೂ ಅಂಗಾಲು ನೆಲಕ್ಕೆ ಸರಿಯಾಗಿ ಕೂತವು. ಬೆನ್ನು ನೆಟ್ಟಗಾಯಿತು.

ಉಝ್ಮಾ ಆ ಪಾದಗಳನ್ನೇ ನೋಡುತ್ತಾ ನಿಂತಳು. ಅವಳು ನಲವತ್ತು ಜನರ ಅಳತೆ ತೆಗೆದದ್ದು ಸಂಜೆ, ಗೋಡೌನಿನ ಗೇಟಿನಲ್ಲಿ, ಮನೆಗೆ ಹೊರಟವರನ್ನು ನಿಲ್ಲಿಸಿಕೊಂಡು. ಎಲ್ಲರ ಕಾಲಲ್ಲೂ ದಪ್ಪ ರಬ್ಬರ್ ಚಪ್ಪಲಿ ಇತ್ತು! ಆ ಒಂದು ಇಂಚೂ ಅಳತೆಯಲ್ಲಿ ಸೇರಿಹೋಗಿತ್ತು. ಒಳಗೆ ಕಾಲು ಮಡಚಿ ಕೂತವರ ಪಾದಗಳು ಸೀರೆಯಲ್ಲಿ ಮುಚ್ಚಿರುತ್ತಿದ್ದವು, ಅವಳು ಗಮನಿಸಿಯೇ ಇರಲಿಲ್ಲ.

"ಮೊದ್ಲು ತಂದಿದ್ ಸ್ಟೂಲಲ್ಲಿ ಹಿಮ್ಮಡಿ ಮೇಲೇ ನಿಲ್ತಿತ್ತು," ಎಂದರು ಪುಟ್ಟತಾಯಮ್ಮ. "ಯಾಸಿರಪ್ಪ ನೋಡ್ದ, ಮೇಡಮ್ಮಂಗೆ ಫೋನ್ ಮಾಡ್ದ. ನೀನು ಎತ್ನಿಲ್ವಂತೆ. ಅದಕ್ಕೆ ಅವ್ನೇ ಕುಯ್ದ."

ಉಝ್ಮಾ ಮೈಕ್ ಹಿಡಿದಳು.

"ನನ್ನ ಅಳತೆ ತಪ್ಪಾಗಿತ್ತು. ಸರಿ ಮಾಡಿದ್ದು ಮರಳೂರಿನ ಬಡಗಿ ಯಾಸಿರ್. ಸ್ವಲ್ಪ ಹೊತ್ತಿನ ಮುಂಚೆ ನಾನು ಅವರಿಗೇ ಬೈದೆ."

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಚನ್ನವೀರಯ್ಯ ಕೂತಲ್ಲಿಂದಲೇ ನಲವತ್ತೂ ಮಾಡಿಸಿ ಎಂದರು. ಅವಳು ಹಿಂದಿನ ಸಾಲು ನೋಡಿದಳು. ಯಾಸಿರ್ ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಡೀ ಊರಿನವರ ಕಾಲಳತೆ ತೆಗೆಯುವ ಹುಡುಗಿಗೆ ಇಷ್ಟು ಗೊತ್ತಿರಬೇಡವೇ? ಯಾಸಿರ್‌ನ ಅಂಗಡಿಗೆ ಹೊರಟ ಆಟೋ ಶಿರಾ ಗೇಟಿನ ಟ್ರಾಫಿಕ್‌ನಲ್ಲಿ ನಿಂತಾಗ ಅವಳು ಇದನ್ನೇ ನೂರು ಸಲ ಅಂದುಕೊಂಡಳು.

ಅಂಗಡಿಯಲ್ಲಿ ಯಾಸಿರ್ ಒಬ್ಬನೇ ಕೂತು ಇನ್ನೊಂದು ಸ್ಟೂಲಿಗೆ ಮರಳು ಕಾಗದ ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ತಪ್ಪಾಯ್ತು," ಎಂದಳು. "ಎಲ್ಲರ ಮುಂದೆ ಅಂದೆ. ಎಲ್ಲರ ಮುಂದೇನೇ ಒಪ್ಕೊಂಡೆ. ನೀವೇ ಇರ್ಲಿಲ್ಲ."

"ನಾಲ್ಕು ಸಲ ಫೋನ್ ಮಾಡಿದ್ದೆ, ಮೇಡಂ."

"ಬೇರೆ ವಿಷ್ಯ ಅಂದ್ಕೊಂಡೆ..."

"ಯಾವ ವಿಷ್ಯ?"

ಅವಳ ಕೆನ್ನೆ ಬಿಸಿಯಾಯಿತು. ಅವನು ಕೈಯಲ್ಲಿದ್ದ ಸ್ಟೂಲನ್ನು ಒರೆಸಿ ಅವಳ ಮುಂದಿಟ್ಟ. ಅವಳು ಕೂತಳು. ಮೊಣಕಾಲು ಮೇಲೆ ಬಂತು.

"ಇದೂ ಗಿಡ್ಡ."

"ಚಪ್ಪಲಿ ಬಿಟ್ಟು ಕೂತ್ಕೊಳಿ."

ಬಿಟ್ಟಳು. ಪಾದ ನೆಲಕ್ಕೆ ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನನ್ನ ಅಳತೆ ಯಾವಾಗ ತಗೊಂಡ್ರಿ?"

"ತಗೊಂಡಿಲ್ಲ. ಮೂರು ತಿಂಗಳಿಂದ ನೋಡ್ತಾ ಇದೀನಲ್ಲ."

ಉಝ್ಮಾ ತಲೆ ತಗ್ಗಿಸಿ ನಕ್ಕಳು. "ಅಂಗಡೀಲಿ ಯಾರು ಚಪ್ಪಲಿ ಬಿಟ್ಟು ಕೂರ್ತಾರೆ?"

"ಇದು ಅಂಗಡಿಗಲ್ಲ," ಎಂದ ಯಾಸಿರ್. ಅವನ ದನಿ ಮೆಲ್ಲಗಾಯಿತು. "ಮನೆಗೆ... ನಮ್ಮನೆಗೆ. ನೀವು ಬರೋದಾದ್ರೆ."

ಹೋದ ವಾರ ಬಾಯಿಗೆ ಬಂದು ನಿಂತಿದ್ದ ಮಾತು ಇದೇ ಎಂದು ಅವಳಿಗೆ ಗೊತ್ತಾಯಿತು. ಎದೆ ತುಂಬಿ ಬಂತು. ಆದರೂ ಸ್ಟೂಲಿನಿಂದ ಏಳಲಿಲ್ಲ.

"ನಮ್ಮ ಅಬ್ಬಾ ಭಾನುವಾರ ಮನೇಲಿರ್ತಾರೆ. ಬರೋಕೆ ಮುಂಚೆ ಒಂದು ಫೋನ್ ಮಾಡಿ."

"ಎತ್ತೀರಾ?"

"ಮೊದಲನೇ ರಿಂಗಿಗೇ."